ಯಾರು ಹೇಳಿದರು, ಎಲ್ಲಿ ಬರೆದಿದೆ?

ಕಳೆದ ಶುಕ್ರವಾರ ಪದ್ಮನಾಭನಗರದ ನಮ್ಮ ಮಸೀದಿಯಲ್ಲಿ ಜುಮಾ ಮುಗಿದ ಮೇಲೆ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ. ಟಿಪ್ಪು ಸುಲ್ತಾನರ ಬಗ್ಗೆ ಅದರಲ್ಲಿ ಎರಡು ಸಂದೇಶಗಳಿದ್ದವು. ಒಂದರ ಪ್ರಕಾರ ಅವರು ತಪ್ಪೇ ಮಾಡದವರು, ಇನ್ನೊಂದರ ಪ್ರಕಾರ ಒಳ್ಳೆಯದನ್ನೇ ಮಾಡದವರು. "ಹಜ್ರತ್, ಯಾವುದನ್ನು ನಂಬಲಿ?" ಎಂದ. ಈ ವಾರದ ಖುತ್ಬಾಕ್ಕೆ ಅದೇ ವಿಷಯವಾಯಿತು.

ಸುದ್ದಿ ತಂದವನು ನಂಬಿಕೆಗೆ ಅರ್ಹನಲ್ಲದಿದ್ದರೆ ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಇಲ್ಲದಿದ್ದರೆ ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಮತ್ತೆ ಪರಿತಪಿಸಬೇಕಾದೀತು. ಹದೀಸ್ ವಿದ್ವಾಂಸರು ಸನದ್ ನೋಡದೆ ಮಾತನ್ನು ಸ್ವೀಕರಿಸಲಿಲ್ಲ. ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪ್ರವಾದಿ ಮೂಸಾ(ಅ)ರ ಸೈನ್ಯದಲ್ಲಿ ಆರು ಲಕ್ಷ ಜನರಿದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿದ್ದರು. ಅಷ್ಟು ಜನ ಒಂದು ರಣರಂಗದಲ್ಲಿ ನಿಂತು ಕಾದಾಡಲು ಸಾಧ್ಯವೇ ಎಂದು ಅವರು ಪ್ರಶ್ನಿಸಿದರು. ಸಂಖ್ಯೆ ದೊಡ್ಡದಾದಷ್ಟೂ ನಮಗೆ ಖುಷಿ, ಆ ರೋಗ ಇಂದಿಗೂ ವಾಸಿಯಾಗಿಲ್ಲ!

ನಮ್ಮ ಊರಿನ ಹೆಸರನ್ನೇ ನೋಡಿ. ಹಸಿದ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ನಮ್ಮಿಂದ ಹೆಚ್ಚು ದೂರವಿಲ್ಲದ ಬೇಗೂರಿನ ದೇವಸ್ಥಾನದಲ್ಲಿ ಗಂಗರ ಕಾಲದ ವೀರಗಲ್ಲಿದೆ. ಸುಮಾರು ಸಾವಿರದ ನೂರು ವರ್ಷ ಹಳೆಯದು. ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ಸ್ಮರಣೆಗೆ ಕೆತ್ತಿದ್ದು. ಬಲ್ಲಾಳ ಹುಟ್ಟುವ ಮೊದಲೇ ಈ ಹೆಸರಿತ್ತು ಎಂದಾಯಿತು. ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಿ. ಕಲ್ಲಿನ ಮಾತನ್ನೂ ಹೇಳಿ.

ಈಗ ಟಿಪ್ಪು ವಿಷಯ. 1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳುಹಿಸಿದರು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಕೊಡಗಿನ ದಂಡಯಾತ್ರೆಗಳೂ ನಡೆದಿವೆ. ಅಲ್ಲಿಂದ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದೂ ನಿಜ. ಆ ನೋವು ಕೊಡವ ಮನೆಗಳಲ್ಲಿ ಇನ್ನೂ ಇದೆ. ಅದನ್ನು ಅಡಗಿಸಿ ಪತ್ರಗಳನ್ನಷ್ಟೇ ತೋರಿಸಿದರೆ ನಮ್ಮ ಸಾಕ್ಷ್ಯ ಅರ್ಧವಾಗುತ್ತದೆ. ಸ್ವಂತದವರ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿ ನಿಲ್ಲಬೇಕೆಂದು ನಮಗೆ ಆಜ್ಞೆಯಿದೆಯಲ್ಲವೇ?

"ನೀವು ಹೊರಗಿನವರು" ಎಂದು ಶಾಲೆಯಲ್ಲಿ ಯಾರೋ ಅಂದರೆ ಮಗು ಅಳುತ್ತಾ ಬರುತ್ತದೆ. ಆಗ ಕೋಪಿಸಿಕೊಳ್ಳುವುದಕ್ಕಿಂತ ಭಾನುವಾರ ಅದನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿ. ಹೈದರಲಿ 1760ರಲ್ಲಿ ಆರಂಭಿಸಿದ ತೋಟ ಅದು, ಅದರೊಳಗಿನ ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಎರಡನ್ನೂ ಒಂದೇ ನಡಿಗೆಯಲ್ಲಿ ತೋರಿಸಬಹುದು.

ಆ ಹುಡುಗನಿಗೆ ಸಂದೇಶಗಳನ್ನು ಅಳಿಸಲು ನಾವು ಹೇಳಲಿಲ್ಲ. ಕಳುಹಿಸಿದ ಇಬ್ಬರಿಗೂ "ಇದು ಎಲ್ಲಿ ಬರೆದಿದೆ?" ಎಂದು ಕೇಳು ಎಂದೆವು. ಈ ಬರಹ ಮುಗಿಸುವವರೆಗೆ ಇಬ್ಬರಿಂದಲೂ ಉತ್ತರ ಬಂದಿಲ್ಲ.