ಕಾಡಾನೆ ಸುದ್ದಿಯೊಳಗಿನ ಸಂವಿಧಾನ

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಕಾಡಾನೆಗಳ ಕಾರಣದಿಂದ. ಗದ್ದೆಗೆ ಇಳಿದ ಹಿಂಡು, ಮುರಿದುಬಿದ್ದ ಕಾಫಿ ಗಿಡಗಳು, ತೋಟದ ಕೆಲಸಕ್ಕೆ ಹೊರಟ ಕಾರ್ಮಿಕರ ಮೇಲೆ ದಾಳಿ, ರಸ್ತೆ ತಡೆ, ಅಧಿಕಾರಿಗಳ ಭರವಸೆ. ಸುದ್ದಿಯ ಕ್ರಮ ಕೂಡ ಓದುಗರಿಗೆ ಬಾಯಿಪಾಠವಾಗಿದೆ. ಈ ಭಾಗದಿಂದ ಬಸ್ಸು ಹಿಡಿದು ಹಾಸನದ ಕಾಲೇಜಿಗೆ ಹೋಗುವ ವಿದ್ಯಾರ್ಥಿ ಇದನ್ನು ಓದಿ, ಪತ್ರಿಕೆ ಮಡಿಸಿಟ್ಟು, ತರಗತಿಯಲ್ಲಿ 'ಭಾರತ ಸಂವಿಧಾನದ ಲಕ್ಷಣಗಳು' ಎಂಬ ಪ್ರಶ್ನೆಗೆ ಟಿಪ್ಪಣಿ ಬರೆದುಕೊಳ್ಳುತ್ತಾನೆ. ಮಡಿಸಿಟ್ಟ ಪತ್ರಿಕೆಗೂ ಬರೆದುಕೊಂಡ ಟಿಪ್ಪಣಿಗೂ ಏನಾದರೂ ಸಂಬಂಧವಿದೆಯೆ ಎಂದು ಕೇಳುವವರು ಕಡಿಮೆ.

ಸಂವಿಧಾನದ ಪರಿಚಯ ಮಕ್ಕಳಿಗೆ ಆಗಬೇಕೆಂಬ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಶಾಲಾ ಕಾಲೇಜುಗಳಲ್ಲಿ ಪೀಠಿಕೆಯನ್ನು ಓದಿಸಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ಅದೇ ವರ್ಷ ಸೆಪ್ಟೆಂಬರ್ 15ರ ಪ್ರಜಾಪ್ರಭುತ್ವ ದಿನದಂದು ರಾಜ್ಯದಾದ್ಯಂತ ಸಾಮೂಹಿಕ ವಾಚನ ನಡೆಯಿತು. ಇದು ಸ್ವಾಗತಾರ್ಹವೇ. ಆದರೆ ಪೀಠಿಕೆಯನ್ನು ಒಪ್ಪಿಸಬಲ್ಲ ಹುಡುಗನಿಗೆ, ತನ್ನ ಊರಿನ ಆನೆಯನ್ನು ಹಿಡಿಯಲು ಆದೇಶ ಕೊಡಬೇಕಾದವರು ಯಾರು ಎಂದು ಕೇಳಿದರೆ ಉತ್ತರ ತೋಚದಿರಬಹುದು. ಶಾಸಕರೆ, ಜಿಲ್ಲಾಧಿಕಾರಿಯೆ, ದೆಹಲಿಯೆ?

ಈ ಪ್ರಶ್ನೆಯನ್ನೇ ಹಿಡಿದು ಹೊರಟರೆ ಸಂವಿಧಾನದ ಅರ್ಧ ಪಾಠ ಮುಗಿಯುತ್ತದೆ. 1950ರಲ್ಲಿ ಅರಣ್ಯವೂ ವನ್ಯಪ್ರಾಣಿಗಳ ರಕ್ಷಣೆಯೂ ರಾಜ್ಯ ಪಟ್ಟಿಯಲ್ಲಿದ್ದವು. ಆದ್ದರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಸಂಸತ್ತು ತಾನಾಗಿಯೇ ಮಾಡುವಂತಿರಲಿಲ್ಲ. ಕೆಲವು ರಾಜ್ಯಗಳ ವಿಧಾನಮಂಡಲಗಳು ಮೊದಲು ನಿರ್ಣಯ ಮಾಡಿ ಕೋರಬೇಕಾಯಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು 252ನೇ ವಿಧಿ. ನಾಲ್ಕು ವರ್ಷಗಳ ನಂತರ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 42ನೇ ತಿದ್ದುಪಡಿಯು ಈ ಎರಡೂ ವಿಷಯಗಳನ್ನು ಕೇಂದ್ರ ಮತ್ತು ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿಸಿತು. ಅದೇ ತಿದ್ದುಪಡಿಯಲ್ಲಿ ಅದೇ ಪಟ್ಟಿಗೆ ಹೋದ ಇನ್ನೊಂದು ವಿಷಯ ಶಿಕ್ಷಣ! ಆನೆಯೂ, ಆನೆಯ ಬಗ್ಗೆ ಪಾಠ ನಡೆಯುವ ತರಗತಿಯೂ ಒಂದೇ ಸಲ ಪಟ್ಟಿ ಬದಲಿಸಿದವೆಂದು ಹೇಳಿದರೆ ವಿದ್ಯಾರ್ಥಿಗಳು ಆ ತಿದ್ದುಪಡಿಯನ್ನು ಬೇಗ ಮರೆಯಲಾರರು.

ಆನೆ 1977ರಿಂದ ಈ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಅದರ ಪರಿಣಾಮ ಏನೆಂಬುದನ್ನು ಹೋಬಳಿಯ ರೈತರು ಅನುಭವದಿಂದ ಬಲ್ಲರು. ಕಾನೂನಿನ ಮಾತಿನಲ್ಲಿ ಅದು 11ನೇ ಪ್ರಕರಣದಲ್ಲಿದೆ. ಮೊದಲ ಅನುಸೂಚಿಯ ಪ್ರಾಣಿಯನ್ನು ಹಿಡಿಯಲು ಅಥವಾ ಕೊಲ್ಲಲು ಅದು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ, ಇಲ್ಲವೆ ಗುಣವಾಗದಷ್ಟು ರೋಗಗ್ರಸ್ತವಾಗಿದೆ ಅಥವಾ ಊನಗೊಂಡಿದೆ ಎಂದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಬೇಕು. ಆದೇಶ ಲಿಖಿತವಾಗಿರಬೇಕು, ಕಾರಣವನ್ನೂ ಕೊಡಬೇಕು. ಹಿಡಿಯಲು ಅಥವಾ ಸ್ಥಳಾಂತರಿಸಲು ಸಾಧ್ಯವಿರುವಾಗ ಕೊಲ್ಲುವ ಆದೇಶ ಕೊಡುವಂತಿಲ್ಲ. ಈ ಅನುಸೂಚಿಯಲ್ಲಿಲ್ಲದ ಕಾಡುಪ್ರಾಣಿಗಳ ಮಟ್ಟಿಗೆ ಕಾಯಿದೆ 'ಜೀವ ಅಥವಾ ಆಸ್ತಿ' ಎನ್ನುತ್ತದೆ, ನಿಂತ ಬೆಳೆಯೂ ಆ ಆಸ್ತಿಯಲ್ಲಿ ಸೇರುತ್ತದೆ. ಆನೆಯ ಮಟ್ಟಿಗೆ ಬೆಳೆಯ ಮಾತೇ ಇಲ್ಲ. ಭತ್ತದ ಗದ್ದೆ ಇಡೀ ನೆಲಸಮವಾದರೂ ಅದೊಂದೇ ಕಾರಣಕ್ಕೆ ಆನೆಯನ್ನು ಹಿಡಿಯುವ ಆದೇಶ ಏಕೆ ಬರುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಆಸ್ತಿಯ ಹಕ್ಕು 44ನೇ ತಿದ್ದುಪಡಿಯ (1978) ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ, 300ಎ ವಿಧಿಯ ಹಕ್ಕಾಗಿ ಮಾತ್ರ ಇದೆ ಎಂಬ ಪಾಠವನ್ನೂ ಇದರೊಂದಿಗೆ ಸೇರಿಸಿ ಹೇಳಬಹುದು.

ಜೀವದ ಪ್ರಶ್ನೆ ಇನ್ನೂ ಕಠಿಣ. 21ನೇ ವಿಧಿಯು ಪ್ರತಿಯೊಬ್ಬ ವ್ಯಕ್ತಿಯ ಜೀವಕ್ಕೆ ರಕ್ಷಣೆ ನೀಡುತ್ತದೆ. ವನ್ಯಜೀವಿಗಳನ್ನು ಕಾಪಾಡಲು ಪ್ರಯತ್ನಿಸಬೇಕೆಂದು 48ಎ ವಿಧಿ ರಾಜ್ಯಕ್ಕೆ ಹೇಳುತ್ತದೆ. ಜೀವಿಗಳ ಮೇಲೆ ಅನುಕಂಪ ಇರಬೇಕೆಂದು 51ಎ ವಿಧಿ ನಾಗರಿಕರಿಗೇ ಹೇಳುತ್ತದೆ. ಲೈನ್ ಮನೆಯಿಂದ ಬೆಳಗಿನ ಜಾವ ಕೆಲಸಕ್ಕೆ ಹೊರಡುವ ಕಾರ್ಮಿಕ ಮಹಿಳೆಯನ್ನು ನೆನೆದು ಈ ಮೂರನ್ನೂ ಒಟ್ಟಿಗೆ ಓದಿದರೆ, ಮೂಲಭೂತ ಹಕ್ಕಿಗೂ ನಿರ್ದೇಶಕ ತತ್ವಕ್ಕೂ ಇರುವ ವ್ಯತ್ಯಾಸ ಪುಸ್ತಕದ ಪಟ್ಟಿಯಾಗಿ ಉಳಿಯುವುದಿಲ್ಲ.

ನ್ಯಾಯಾಲಯವೂ ಈ ಬೆಟ್ಟಗಳಿಗೆ ಬಂದಿದೆ. ರಾಜ್ಯದ ಆನೆಗಳ ವಿಷಯವನ್ನು ಹೈಕೋರ್ಟ್ ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡ ಫಲವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ನೇತೃತ್ವದ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗಳ ಸಂರಕ್ಷಣೆಯ ವಲಯ, ಮನುಷ್ಯರೊಂದಿಗೆ ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ವರದಿ ವಿಂಗಡಿಸಿತು. ಆಲೂರು-ಸಕಲೇಶಪುರ ಭಾಗ ಬಿದ್ದದ್ದು ಮೂರನೆಯದರಲ್ಲಿ. ಹಲವು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಇಲ್ಲಿ ಆನೆಗಳಿವೆ. ಕೋರ್ಟು ಹೇಳುವುದಕ್ಕೂ ಆಡಳಿತ ಮಾಡಿ ಮುಗಿಸುವುದಕ್ಕೂ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಪಠ್ಯಪುಸ್ತಕ ಕಲಿಸಲಾರದು.

ಹೀಗೆ ಸಾಗಿಸಿದ ಆನೆಯೊಂದರಿಂದಲೇ ಒಕ್ಕೂಟ ವ್ಯವಸ್ಥೆಯ ಒಂದು ಅಪರೂಪದ ಪಾಠ ಹುಟ್ಟಿತು. 2023ರ ನವೆಂಬರ್ ಕೊನೆಯಲ್ಲಿ ಬೇಲೂರು ಬಳಿ ದಂತವಿಲ್ಲದ ಗಂಡಾನೆಯೊಂದನ್ನು ಸೆರೆ ಹಿಡಿದು, ರೇಡಿಯೊ ಕಾಲರ್ ತೊಡಿಸಿ ಬಂಡೀಪುರದ ಕಾಡಿಗೆ ಬಿಡಲಾಯಿತು. 'ಬೇಲೂರು ಮಖ್ನಾ' ಎಂದು ಹೆಸರಾದ ಅದು ಗಡಿ ದಾಟಿ, 2024ರ ಫೆಬ್ರುವರಿ 10ರಂದು ಕೇರಳದ ವಯನಾಡಿನ ಮಾನಂದವಾಡಿಯಲ್ಲಿ ಒಬ್ಬರನ್ನು ಕೊಂದಿತು. ಆನೆ ಯಾರದು? ಕಾಯಿದೆಯ 39ನೇ ಪ್ರಕರಣದಂತೆ ಕಾಡುಪ್ರಾಣಿ ರಾಜ್ಯ ಸರ್ಕಾರದ ಸ್ವತ್ತು. ಯಾವ ರಾಜ್ಯ ಸರ್ಕಾರದ್ದು? ಕರ್ನಾಟಕ ಸರ್ಕಾರ ಮೃತರ ಕುಟುಂಬಕ್ಕೆ 15 ಲಕ್ಷ ರೂಪಾಯಿ ಘೋಷಿಸಿತು. ಬೇರೆ ರಾಜ್ಯದವರಿಗೆ ಇಲ್ಲಿನ ಬೊಕ್ಕಸದ ಹಣವೇಕೆ ಎಂದು ವಿರೋಧ ಪಕ್ಷ ಆಕ್ಷೇಪಿಸಿತು. ವಿವಾದದ ನಡುವೆ ಕುಟುಂಬವೇ ಹಣ ಬೇಡವೆಂದಿತು. ಅದು ಹಕ್ಕಿನಿಂದ ಬರುವ ಪರಿಹಾರವೆ, ಸರ್ಕಾರ ಕರುಣೆಯಿಂದ ಕೊಡುವ ದಯಾತ್ಮಕ ಧನವೆ? ಸರ್ಕಾರಿ ಕಡತದಲ್ಲಿ ಬಳಸುವ ಪದ ಎರಡನೆಯದು. ಆ ಒಂದು ಪದದ ಮೇಲೆ ಒಂದು ವಾರದ ಪಾಠ ನಡೆಸಬಹುದು.

ತೀರ್ಪುಗಳನ್ನು ಓದಿಸಿ ಕಾನೂನು ಕಲಿಸುವ ಪದ್ಧತಿ ಹಳೆಯದು. ಹಾರ್ವರ್ಡ್‌ನಲ್ಲಿ ಲ್ಯಾಂಗ್‌ಡೆಲ್ ಅದನ್ನು 1870ರಲ್ಲಿ ಆರಂಭಿಸಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದ ಮಾಧವ ಮೆನನ್ ಅವರೂ ತರಗತಿಯ ಚರ್ಚೆಗೆ ಒತ್ತು ಕೊಟ್ಟರು. ಆದರೆ ತೀರ್ಪು ಬರುವಾಗ ಉತ್ತರವನ್ನೂ ಹೊತ್ತು ತರುತ್ತದೆ. ಸುದ್ದಿಯಲ್ಲಿ ಉತ್ತರ ಇರುವುದಿಲ್ಲ. ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರ ಏಪ್ರಿಲ್ 21ರಂದು ವಜಾ ಆದಾಗ 356ನೇ ವಿಧಿಯ ಮಿತಿ ಏನೆಂಬುದು ಆ ದಿನದ ವಿದ್ಯಾರ್ಥಿಗಳಿಗೆ ತೆರೆದ ಪ್ರಶ್ನೆಯಾಗಿತ್ತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟದ್ದು 1994ರ ಮಾರ್ಚ್ 11ರಂದು. ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕೆಂಬ ಆ ಮಾತಿನ ಬೆಲೆ 2018ರ ಮೇ ತಿಂಗಳಲ್ಲಿ ವಿಧಾನಸೌಧದಲ್ಲಿ ಮತ್ತೆ ಕಂಡಿತು. ಈಗಿನ ವಿದ್ಯಾರ್ಥಿಗಳು ಅದನ್ನು ಇತ್ಯರ್ಥವಾದ ಕಾನೂನೆಂದು ಓದುತ್ತಾರೆ. ಐದು ವರ್ಷ ಅದು ಇತ್ಯರ್ಥವಾಗದೆ ಇತ್ತೆಂಬ ಭಾವನೆ ಅವರಿಗೆ ಬರುವುದಿಲ್ಲ.

ಸುದ್ದಿಯಿಂದ ಕಲಿಸುವುದರಲ್ಲಿ ಅಪಾಯವೂ ಇದೆ. ಸುದ್ದಿ ಅವಸರದಲ್ಲಿ ಬರೆದದ್ದು. ಆದೇಶದ ಒಂದು ಸಾಲು ಬಂದು ಉಳಿದದ್ದು ಬಿಟ್ಟುಹೋಗಿರಬಹುದು. ಮೂಲ ಆದೇಶವನ್ನೋ ಕಾಯಿದೆಯ ಪುಟವನ್ನೋ ಪಕ್ಕಕ್ಕೆ ಇಟ್ಟುಕೊಳ್ಳದ ಮೇಷ್ಟರು ಪಾಠದ ಬದಲು ಹರಟೆ ನಡೆಸಿಯಾರು. ಇನ್ನೊಂದು ಸೂಕ್ಷ್ಮ, ಬೆಂಚಿನದು. ಮಲೆನಾಡಿನ ತರಗತಿಯಲ್ಲಿ ತೋಟದ ಮಾಲೀಕರ ಮಗ, ತೋಟದ ಕೂಲಿಯವರ ಮಗಳು, ಅರಣ್ಯ ರಕ್ಷಕರ ಮಗ ಒಟ್ಟಿಗೆ ಕುಳಿತಿರುತ್ತಾರೆ. ಆನೆ ಮೂವರ ಮನೆಯಲ್ಲೂ ಬೇರೆ ಬೇರೆ ಸುದ್ದಿ. ಯಾರ ಮನೆಯಲ್ಲಾದರೂ ಸಾವು ಸಂಭವಿಸಿರಲೂಬಹುದು. ಆ ಮಗುವನ್ನು ಉದಾಹರಣೆಯಾಗಿ ನಿಲ್ಲಿಸದೆ, ಮೂವರಿಂದಲೂ ಎದುರು ಪಕ್ಷದ ವಾದವನ್ನು ಮಾಡಿಸುವುದು ಅನುಭವಿ ಅಧ್ಯಾಪಕರ ಕೆಲಸ. ಕೂಲಿಯವರ ಮಗಳು ಅರಣ್ಯ ಇಲಾಖೆಯ ಪರವಾಗಿ 48ಎ ಹಿಡಿದು ಮಾತನಾಡಲಿ, ಅರಣ್ಯ ರಕ್ಷಕರ ಮಗ 21ನೇ ವಿಧಿ ಹಿಡಿದು ಹೈಕೋರ್ಟಿಗೆ ರಿಟ್ ಅರ್ಜಿ ಬರೆಯಲಿ.

ಇಂಥ ತರಗತಿಗೆ ಮುಂದಿನ ಪಾಠ ಸಿದ್ಧವಾಗಿಯೇ ಇದೆ. ಅಪಾಯಕಾರಿ ಪ್ರಾಣಿಗಳ ಮೇಲೆ ಬೇಗ ಕ್ರಮ ಕೈಗೊಳ್ಳಲು ಅನುಕೂಲವಾಗುವಂತೆ ಕೇಂದ್ರದ ಕಾಯಿದೆಯನ್ನು ತನ್ನ ಮಟ್ಟಿಗೆ ತಿದ್ದುವ ಮಸೂದೆಯನ್ನು ಕೇರಳ ವಿಧಾನಸಭೆ 2025ರಲ್ಲಿ ಅಂಗೀಕರಿಸಿತು. ಸಮವರ್ತಿ ಪಟ್ಟಿಯ ವಿಷಯದಲ್ಲಿ ಸಂಸತ್ತಿನ ಕಾಯಿದೆಗೆ ವಿರುದ್ಧವಾದ ರಾಜ್ಯದ ಕಾನೂನು ನಿಲ್ಲಬೇಕಾದರೆ 254ನೇ ವಿಧಿಯಂತೆ ರಾಷ್ಟ್ರಪತಿಯವರ ಅಂಕಿತ ಬೇಕು. ಅಂಕಿತ ಬಿದ್ದರೂ ಅದು ನಡೆಯುವುದು ಆ ರಾಜ್ಯದೊಳಗೆ ಮಾತ್ರ. ವಯನಾಡಿನಿಂದ ಬಂಡೀಪುರದ ಕಡೆಗೆ ಕಾಲಿಟ್ಟ ಕ್ಷಣದಿಂದ ಆನೆಗೆ ಹಳೆಯ ಕಾಯಿದೆಯೇ ಅನ್ವಯ.