ಅನ್ನದ ಹಸಿವು, ಬೇಕಾದವರಾಗುವ ಹಸಿವು

ಮನುಷ್ಯನು ಯಾವುದರ ಬಲದಿಂದ ಬದುಕುತ್ತಾನೆ? ಬೆಳಗಾಗೆದ್ದು ಕೆಲಸಕ್ಕೆ ಹೊರಡುವಂತೆ, ಮಕ್ಕಳನ್ನು ಸಾಕುವಂತೆ, ಸೋತ ಮೇಲೂ ಮತ್ತೆ ಕೈಹಾಕುವಂತೆ ಅವನನ್ನು ಒಳಗಿನಿಂದ ಪ್ರೇರೇಪಿಸುವ ಶಕ್ತಿ ಯಾವುದು? ತತ್ತ್ವಶಾಸ್ತ್ರದಷ್ಟೇ ಹಳೆಯದಾದ ಈ ಪ್ರಶ್ನೆಯನ್ನು ಕಳೆದ ಶತಮಾನದಲ್ಲಿ ಮನಃಶಾಸ್ತ್ರವೂ ಕೈಗೆತ್ತಿಕೊಂಡಿತು. ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಚಾರವಲ್ಲ. ಮಕ್ಕಳನ್ನು ಓದಿಸುವ ತಂದೆತಾಯಿಯರು, ಹಿರಿಯರನ್ನು ನೋಡಿಕೊಳ್ಳುವ ಮಕ್ಕಳು, ತೋಟದಲ್ಲಿ ಕೆಲಸ ಮಾಡಿಸುವ ಯಜಮಾನರು, ಇವರೆಲ್ಲರೂ ದಿನವೂ ಈ ಪ್ರಶ್ನೆಗೆ ಒಂದಲ್ಲ ಒಂದು ಉತ್ತರವನ್ನು ಕೊಡುತ್ತಲೇ ಇರುತ್ತಾರೆ. ಆ ಉತ್ತರ ತಪ್ಪಿದಾಗ ಮನೆಯಲ್ಲಿ ಎಲ್ಲವೂ ಇದ್ದು ಮನಸ್ಸು ಮಾತ್ರ ಬರಿದಾಗುತ್ತದೆ.

ಮಾಸ್ಲೊ ಹೇಳಿದ ಐದು ಅಗತ್ಯಗಳು

ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿಬರುವ ಹೆಸರು ಅಬ್ರಹಾಂ ಮಾಸ್ಲೊ. 1908ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ರಷ್ಯಾದಿಂದ ವಲಸೆ ಬಂದ ಯೆಹೂದ್ಯ ದಂಪತಿಗಳ ಏಳು ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದ ಈತ 1943ರಲ್ಲಿ ಮಾನವ ಪ್ರೇರಣೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ಮನುಷ್ಯನ ಮೂಲಭೂತ ಅಗತ್ಯಗಳನ್ನು ಐದಾಗಿ ವಿಂಗಡಿಸಲಾಗಿದೆ. ಅನ್ನ, ನೀರು, ನಿದ್ರೆಗಳಂತಹ ದೇಹದ ಅಗತ್ಯಗಳು ಮೊದಲನೆಯವು. ಭದ್ರತೆ ಎರಡನೆಯದು. ಪ್ರೀತಿ ಮತ್ತು ‘ನಾನು ಇವರವನು’ ಎಂಬ ಭಾವ ಮೂರನೆಯದು. ಗೌರವ ನಾಲ್ಕನೆಯದು. ತನ್ನಲ್ಲಿರುವ ಸಾಮರ್ಥ್ಯವೆಲ್ಲ ಅರಳಿ, ತಾನು ಏನಾಗಬಲ್ಲೆನೋ ಅದಾಗುವುದು ಐದನೆಯದು. ಇದನ್ನು ಕನ್ನಡದ ಪಠ್ಯಗಳು ‘ಆತ್ಮಸಾಕ್ಷಾತ್ಕಾರ’ ಎಂದು ಕರೆದಾಗ ಓದುಗರಿಗೆ ಋಷಿಮುನಿಗಳ ನೆನಪಾಗಬಹುದು. ಮಾಸ್ಲೊ ಅವರ ಅರ್ಥ ಅಷ್ಟು ದೂರದ್ದಲ್ಲ. ಬಡಗಿಯು ಒಳ್ಳೆಯ ಬಡಗಿಯಾಗುವುದು, ತಾಯಿಯು ತುಂಬು ಮನಸ್ಸಿನ ತಾಯಿಯಾಗುವುದು ಕೂಡ ಇದರಲ್ಲಿ ಸೇರುತ್ತದೆ.

ಇಂದು ಈ ಐದನ್ನೂ ಪಿರಮಿಡ್ಡಿನಂತೆ, ಒಂದರ ಮೇಲೊಂದು ಮೆಟ್ಟಿಲಿನಂತೆ ಚಿತ್ರಿಸಿ ತರಬೇತಿ ಶಿಬಿರಗಳಲ್ಲಿ ಬೋಧಿಸುತ್ತಾರೆ. ಕೆಳಗಿನ ಮೆಟ್ಟಿಲು ಪೂರ್ತಿಯಾದ ಹೊರತು ಮೇಲಿನದರ ಆಸೆಯೇ ಹುಟ್ಟದು ಎಂಬ ಅಭಿಪ್ರಾಯ ಬೆಳೆದುಬಂದಿರುವುದು ಈ ಚಿತ್ರದಿಂದಲೇ. ಆದರೆ ಮಾಸ್ಲೊ ಅವರ ಪ್ರಬಂಧದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ. ಅಗತ್ಯಗಳಿಗೆ ಒಂದು ಸಾಮಾನ್ಯ ಕ್ರಮವಿದೆ ಎಂದ ಅವರೇ, ಆ ಕ್ರಮ ಕಟ್ಟುನಿಟ್ಟಾದುದಲ್ಲ, ಆದರ್ಶಕ್ಕಾಗಿ ಸರ್ವಸ್ವವನ್ನೂ ತೊರೆಯುವವರು ಉಂಟು ಎಂದೂ ಬರೆದರು. ಸಾಮಾನ್ಯ ಮನುಷ್ಯನಲ್ಲಿ ದೇಹದ ಅಗತ್ಯಗಳು ನೂರಕ್ಕೆ 85ರಷ್ಟು, ಭದ್ರತೆ 70ರಷ್ಟು, ಪ್ರೀತಿ 50ರಷ್ಟು, ಗೌರವ 40ರಷ್ಟು, ಆತ್ಮಸಾಕ್ಷಾತ್ಕಾರ 10ರಷ್ಟು ಈಡೇರಿರಬಹುದು ಎಂದು ಕೇವಲ ಉದಾಹರಣೆಗಾಗಿ ಅಂಕಿಗಳನ್ನೂ ಕೊಟ್ಟರು. ಅಂದರೆ ಐದು ಹಸಿವುಗಳೂ ಒಂದೇ ಮನುಷ್ಯನಲ್ಲಿ, ಒಂದೇ ದಿನ, ಒಟ್ಟಿಗೆ ಇರುತ್ತವೆ.

2018ರ ಆಗಸ್ಟ್ ಕಲಿಸಿದ ಪಾಠ

ಈ ಸತ್ಯವನ್ನು ಕಾಣಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದ ಕಡೆ ಬೆಟ್ಟಗಳೇ ಕುಸಿದು ಮನೆ, ತೋಟ, ರಸ್ತೆಗಳನ್ನು ಹೊತ್ತೊಯ್ದವು. ಉಟ್ಟ ಬಟ್ಟೆಯಲ್ಲಿ ಹೊರಬಂದ ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. ನಾಡಿನ ಎಲ್ಲ ಕಡೆಗಳಿಂದ ಅಕ್ಕಿ, ಬೇಳೆ, ಕಂಬಳಿ, ಬಟ್ಟೆಗಳು ಲಾರಿಗಳಲ್ಲಿ ಹರಿದುಬಂದವು. ಮೆಟ್ಟಿಲಿನ ಲೆಕ್ಕದಂತೆ ಆ ಜನರಿಗೆ ಆಗ ಅನ್ನ ಮತ್ತು ಆಸರೆಯ ಹೊರತು ಬೇರೆ ಚಿಂತೆ ಇರಬಾರದಾಗಿತ್ತು.

ಆದರೆ ನಾವು ಕೇಳಿದ ಮಾತುಗಳು ಬೇರೆ. ಕಟ್ಟಿಹಾಕಿ ಬಂದ ಹಸುವನ್ನು ಬಿಚ್ಚಿದವರು ಯಾರಾದರೂ ಉಂಟೇ ಎಂದು ಒಬ್ಬರು ಕೇಳುತ್ತಿದ್ದರು. ಮಗುವಿನ ಶಾಲೆ ಯಾವಾಗ ತೆರೆಯುತ್ತದೆ ಎಂಬುದು ಮತ್ತೊಬ್ಬರ ಪ್ರಶ್ನೆ. ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಲು ಸಂಕೋಚಪಟ್ಟ ತಾಯಂದಿರು ಅಡುಗೆಯ ಕಡೆಗೆ ಹೋಗಿ, ತರಕಾರಿ ಹೆಚ್ಚಲು ತಮಗೂ ಕೊಡಿರೆಂದು ಕತ್ತಿ ಹಿಡಿದು ಕುಳಿತರು. ಅಲ್ಲಿಯವರೆಗೆ ಮಂಕಾಗಿದ್ದ ಅವರ ಮುಖದಲ್ಲಿ ಆಗ ಕಳೆ ಬಂತು. ಅನ್ನ ಅವರಿಗೆ ಮೊದಲೇ ಸಿಕ್ಕಿತ್ತು. ಹೊಸದಾಗಿ ಸಿಕ್ಕಿದ್ದು, ಆ ಅನ್ನದಲ್ಲಿ ತಮ್ಮ ಕೈಯೂ ಇದೆ ಎಂಬ ನೆಮ್ಮದಿ. ಮುಂದೆ ಜಂಬೂರು, ಕರ್ಣಂಗೇರಿ, ಮದೆನಾಡು ಮುಂತಾದ ಕಡೆ ಸಂತ್ರಸ್ತರಿಗಾಗಿ ಮನೆಗಳು ಎದ್ದವು. ಅದು ದೊಡ್ಡ ಉಪಕಾರವೇ ಸರಿ. ಆದರೂ ಮನೆಯನ್ನು ಕಟ್ಟಿಕೊಡಬಹುದು, ನೆರೆಹೊರೆಯನ್ನು ಕಟ್ಟಿಕೊಡಲಾಗದು. ಅದನ್ನು ಬಾಳುವವರೇ ಬೆಳೆಸಿಕೊಳ್ಳಬೇಕು.

ನಮ್ಮ ಭಾಷೆಯಲ್ಲಿ ಒಂದು ಸೊಗಸಾದ ಮಾತಿದೆ. ಆಪ್ತರನ್ನು ಕುರಿತು ‘ಅವರು ನಮಗೆ ಬೇಕಾದವರು’ ಎನ್ನುತ್ತೇವೆ. ಮನುಷ್ಯನಿಗೆ ಬೇಕಾದುದು ಬಹಳವಿದೆ. ಆದರೆ ತಾನೂ ಯಾರಿಗಾದರೂ ಬೇಕಾದವನಾಗಿರಬೇಕೆಂಬ ಹಸಿವು ಅನ್ನದ ಹಸಿವು ತೀರುವವರೆಗೆ ಕಾದು ಕುಳಿತಿರುವುದಿಲ್ಲ.

ಬಹುಮಾನ ಮತ್ತು ಒಳಗಿನ ಆಸಕ್ತಿ

ಮಾಸ್ಲೊ ಅವರ ಅನಂತರ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು, 1985ರಲ್ಲಿ ಹೊರತಂದ ಗ್ರಂಥದಲ್ಲಿಯೂ ಮುಂದಿನ ಬರಹಗಳಲ್ಲಿಯೂ, ಮನಸ್ಸಿಗೆ ಮುಖ್ಯವಾಗಿ ಮೂರು ಪೋಷಣೆಗಳು ಬೇಕೆಂದು ವಾದಿಸಿದರು. ತಾನೇ ಮನಸಾರೆ ಒಪ್ಪಿ ಮಾಡುವ ಸ್ವಾತಂತ್ರ್ಯ, ಮಾಡಬಲ್ಲೆನೆಂಬ ಸಾಮರ್ಥ್ಯ ಮತ್ತು ಇತರರೊಡನೆ ಬಾಂಧವ್ಯ. ಈ ಮೂರೂ ಕೂಡಿದ ಕಡೆ ಪ್ರೇರಣೆಯನ್ನು ಹೊರಗಿನಿಂದ ತರಬೇಕಾಗಿಲ್ಲ.

ಇದಕ್ಕೆ ನಮ್ಮ ಜಿಲ್ಲೆಯ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ ಕರಡದಲ್ಲಿ ಅದು ಆರಂಭವಾದಾಗ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಉತ್ಸವದಲ್ಲಿ 360 ತಂಡಗಳು ಪಾಲ್ಗೊಂಡವು. ಹಣದ ಆಸೆಯಿಂದ ಯಾವ ಪಂದ್ಯವೂ ಹೀಗೆ ಬೆಳೆಯಲಾರದು. ಮನೆತನದ ಹೆಸರು ಹೊತ್ತ ಅಂಗಿ ತೊಟ್ಟು ವಯಸ್ಸಾದವರೂ ಎಳೆಯರೂ ಒಂದೇ ತಂಡದಲ್ಲಿ ಓಡುವಾಗ, ಪ್ರತಿಯೊಬ್ಬರಿಗೂ ತಾವು ಬೇಕಾದವರೆಂಬ ಅರಿವು ತಾನಾಗಿ ಮೂಡುತ್ತದೆ.

ಇದಕ್ಕೆ ವಿರುದ್ಧವಾದ ಪಾಠವೂ ಉಂಟು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದರಲ್ಲಿ ಸಹಜವಾಗಿಯೇ ಆಸಕ್ತಿಯಿದ್ದ ಶಿಶುವಿಹಾರದ ಕೆಲವು ಮಕ್ಕಳಿಗೆ, ಚಿತ್ರ ಬಿಡಿಸಿದರೆ ಹೊಳೆಯುವ ಪ್ರಶಸ್ತಿಪತ್ರವನ್ನು ಕೊಡುವುದಾಗಿ ಮೊದಲೇ ಹೇಳಿದರು; ಹೇಳಿದಂತೆ ಕೊಟ್ಟರು. ಕೆಲವು ದಿನಗಳ ಬಳಿಕ ಬಣ್ಣದ ಪೆನ್ನುಗಳನ್ನು ಮತ್ತೆ ಮುಂದಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಬಹುಮಾನದ ಮಾತನ್ನೇ ಎತ್ತದೆ ಕೊನೆಯಲ್ಲಿ ಅನಿರೀಕ್ಷಿತವಾಗಿ ಪತ್ರ ಪಡೆದ ಮಕ್ಕಳಲ್ಲಿ ಆಸಕ್ತಿ ಕುಗ್ಗಿರಲಿಲ್ಲ. ಆಟವಾಗಿದ್ದುದು ಕೂಲಿಯಾದಾಗ ಸೊಗಸು ಹೋಯಿತು.

ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಗಳನ್ನು ಒಮ್ಮೆ ನೆನೆಯಿರಿ. ‘ಇಷ್ಟು ಅಂಕ ತಂದರೆ ಮೊಬೈಲು, ಅಷ್ಟು ತಂದರೆ ಸ್ಕೂಟರು’ ಎಂಬ ವ್ಯವಹಾರ ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ? ಮಗಳು ಏನನ್ನು ಓದಬೇಕೆಂಬುದನ್ನು ಅವಳ ಮಾವಂದಿರು, ಚಿಕ್ಕಪ್ಪಂದಿರು ಎಲ್ಲ ಕೂಡಿ ತೀರ್ಮಾನಿಸಿದ ಮೇಲೆ ಅವಳಿಗೆ ತಿಳಿಸುವ ಪದ್ಧತಿ ಎಷ್ಟು ಕಡೆ ಇಲ್ಲ? ಅಂಕಗಳು ಬರಬಹುದು, ಸೀಟೂ ಸಿಗಬಹುದು. ಆದರೆ ತನ್ನ ಬದುಕಿನಲ್ಲಿ ತನ್ನ ಮಾತೇ ನಡೆಯದ ಮಗುವು, ಅಂಕಗಳಿಂದಲೇ ತನಗೆ ಬೆಲೆಯೆಂದು ತಿಳಿಯುತ್ತದೆ. ಅಂಕ ಕಡಿಮೆಯಾದ ದಿನ, ತಾನು ಯಾರಿಗೂ ಬೇಡವೆಂಬ ಭಾವ ಅದನ್ನು ಎಲ್ಲಿಗೆ ಒಯ್ಯಬಹುದೆಂಬುದನ್ನು ತಂದೆತಾಯಿಯರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿದು ತಪ್ಪದೆ ಹಣ ಕಳುಹಿಸುತ್ತಾರೆ. ಔಷಧಿಗೆ ಕೊರತೆಯಿಲ್ಲ, ಕೆಲಸದವಳಿದ್ದಾಳೆ. ಆದರೆ ಈ ವರ್ಷ ಮೆಣಸನ್ನು ಈಗಲೇ ಮಾರೋಣವೇ, ಕಾಯೋಣವೇ ಎಂದು ನಲವತ್ತು ವರ್ಷ ತೋಟ ನೋಡಿಕೊಂಡ ಅಪ್ಪನನ್ನು ಯಾರೂ ಕೇಳುವುದಿಲ್ಲ. ಲೈನ್‌ಮನೆಗಳಲ್ಲಿರುವ ಕಾರ್ಮಿಕರೂ ಅಷ್ಟೆ. ಕೂಲಿ ಸರಿಯಾಗಿ ಸಿಗುವುದು ನ್ಯಾಯ, ಅದರಲ್ಲಿ ರಾಜಿಯಿಲ್ಲ. ಆದರೆ ಅದರೊಡನೆ ಹೆಸರು ಹಿಡಿದು ಕರೆಯುವ, ಅವರ ಕೈಚಳಕವನ್ನು ಗುರುತಿಸುವ ಒಂದು ಮಾತು ಬಿದ್ದರೆ ಕೊಯ್ಲಿನ ಕೆಲಸದ ಗುಣವೇ ಬೇರೆಯಾಗುತ್ತದೆ.

ತುಂಬು ಬಾಳು ಎಂದರೆ

ಹಾಗಾದರೆ ಈ ಅಗತ್ಯಗಳೆಲ್ಲ ಈಡೇರಿದರೆ ಮನುಷ್ಯನು ತೃಪ್ತನಾಗುವನೇ? ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ಕ್ರಮವಾಗಿ ಪರಿಶೀಲಿಸಿದ್ದಾರೆ. ಪರಮ ಸುಖವು ಸಂಪತ್ತಿನಲ್ಲಿದೆಯೇ, ಗೌರವದಲ್ಲಿದೆಯೇ, ಕೀರ್ತಿಯಲ್ಲಿದೆಯೇ, ಅಧಿಕಾರದಲ್ಲಿದೆಯೇ, ದೇಹದ ಕ್ಷೇಮದಲ್ಲಿದೆಯೇ, ಭೋಗದಲ್ಲಿದೆಯೇ ಎಂದು ಒಂದೊಂದಾಗಿ ಕೇಳಿ, ಒಂದೊಂದಕ್ಕೂ ಅಲ್ಲವೆಂದು ಉತ್ತರಿಸಿದರು. ಇವು ಕೆಟ್ಟವೆಂದು ಅವರು ಹೇಳಲಿಲ್ಲ, ಸಾಲವು ಎಂದರು. ಮನುಷ್ಯನ ಹೃದಯವನ್ನು ತುಂಬುವುದಕ್ಕೆ ದೇವರೊಬ್ಬರೇ ಸಮರ್ಥರು ಎಂಬುದು ಅವರ ನಿರ್ಣಯ.

ಮನಃಶಾಸ್ತ್ರವು ದೇವರ ವಿಷಯದಲ್ಲಿ ತೀರ್ಪು ಕೊಡುವುದಿಲ್ಲ. ಆದರೂ ಅದು ತನ್ನ ದಾರಿಯಲ್ಲಿ ನಡೆದು ಇದೇ ಹೊಸ್ತಿಲಿಗೆ ಬಂದು ನಿಂತಿರುವುದು ಗಮನಾರ್ಹ. ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿಗಳ ಸೆರೆಶಿಬಿರಗಳಲ್ಲಿ ಬದುಕುಳಿದವರು. ತಂದೆ, ತಾಯಿ, ಸೋದರ, ಪತ್ನಿ ಎಲ್ಲರನ್ನೂ ಕಳೆದುಕೊಂಡ ಅವರು 1946ರಲ್ಲಿ ತಮ್ಮ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದರು. ತನಗಾಗಿ ಕಾಯುವ ಒಬ್ಬ ವ್ಯಕ್ತಿ ಇಲ್ಲವೇ ತಾನೇ ಮುಗಿಸಬೇಕಾದ ಒಂದು ಕೆಲಸ ಉಂಟೆಂಬ ಅರಿವು ಮನುಷ್ಯನನ್ನು ಎಂತಹ ಸ್ಥಿತಿಯಲ್ಲೂ ಹಿಡಿದು ನಿಲ್ಲಿಸಬಲ್ಲದು ಎಂಬುದು ಅವರು ಕಂಡುಕೊಂಡ ಸತ್ಯ. ತೃಪ್ತಿಯನ್ನೇ ಬೆನ್ನಟ್ಟಿದವನಿಗೆ ಅದು ಸಿಗುವುದಿಲ್ಲ, ತನ್ನನ್ನು ಮರೆತು ಪ್ರೀತಿಸಿದವನ ಹಿಂದೆ ಅದು ತಾನಾಗಿ ಬರುತ್ತದೆ. 1970ರಲ್ಲಿ ತೀರಿಕೊಂಡ ಮಾಸ್ಲೊ ಅವರೂ ಕೊನೆಯ ವರ್ಷಗಳಲ್ಲಿ, ತನ್ನನ್ನು ಮೀರಿ ಹೋಗುವುದನ್ನು ಆತ್ಮಸಾಕ್ಷಾತ್ಕಾರಕ್ಕಿಂತಲೂ ಆಚೆಯದೆಂದು ಬರೆದರು.

ನಮ್ಮ ಪೂರ್ವಿಕರ ಚರಿತ್ರೆಯೂ ಇದನ್ನೇ ಸಾರುತ್ತದೆ. ಟಿಪ್ಪು ಸುಲ್ತಾನನ ಕಾಲದ ಸಂಕಷ್ಟದಿಂದ ಪಾರಾಗಿ ಬಂದ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರರು ವಿರಾಜಪೇಟೆಯಲ್ಲಿ ನೆಲೆ ನೀಡಿದರು. 1792ರಲ್ಲಿ ಅಲ್ಲಿ ಸಂತ ಅನ್ನಮ್ಮನವರ ದೇವಾಲಯವೂ ಸ್ಥಾಪನೆಯಾಯಿತು. ಆ ಜನಕ್ಕೆ ಒಪ್ಪೊತ್ತಿನ ಊಟದ ಭಿಕ್ಷೆಯಲ್ಲ, ಬೇರು ಬಿಡಲು ನೆಲವೂ ಕೂಡಿ ಪ್ರಾರ್ಥಿಸಲು ತಾಣವೂ ದೊರೆತವು. ಆದ್ದರಿಂದಲೇ ಅವರು ನಿರಾಶ್ರಿತರಾಗಿ ಉಳಿಯದೆ ಊರಿನವರಾದರು.

1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝನಾಮರು ತಮ್ಮ ಸಂಗಡಿಗರೊಡನೆ ಕಟ್ಟಿದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು ಬಡವರಿಗೆ ನೆರವನ್ನು ಕಳುಹಿಸಿಕೊಟ್ಟು ಕೈತೊಳೆದುಕೊಳ್ಳುವುದಿಲ್ಲ; ತಾವೇ ಅವರ ಮನೆಗೆ ಹೋಗಿ ಕುಳಿತು ಮಾತನಾಡುತ್ತಾರೆ. ಆ ಪದ್ಧತಿಯ ಹಿಂದಿನ ವಿವೇಕವನ್ನು ನಮ್ಮ ಕುಟುಂಬಗಳೂ ತಮ್ಮದಾಗಿಸಿಕೊಳ್ಳಲಿ. ಈ ವಾರ ಮಗುವಿಗೆ ಏನನ್ನು ಕೊಡಿಸಲಿ ಎಂದು ಯೋಚಿಸುವ ಮೊದಲು, ಅದರ ಮನಸ್ಸಿನಲ್ಲಿ ಏನಿದೆಯೆಂದು ಕೇಳೋಣ. ಅಪ್ಪನಿಗೆ ಹಣ ಕಳುಹಿಸುವಾಗ ಒಂದು ಸಲಹೆಯನ್ನೂ ಬೇಡೋಣ. ಕೊಡುವುದರಿಂದ ಹೊಟ್ಟೆ ತುಂಬೀತು. ‘ನೀವು ನಮಗೆ ಬೇಕು’ ಎಂಬ ಮಾತಿನಿಂದ ಬಾಳು ತುಂಬುತ್ತದೆ.