ಎತ್ತಿನ ತಲೆ, ಮನುಷ್ಯನ ಮಿದುಳು

ಮಕ್ಕಳೇ, ವಿಜ್ಞಾನದ ಪುಸ್ತಕದಲ್ಲಿ ಮಿದುಳಿನ ಚಿತ್ರ ನೋಡಿದ್ದೀರಲ್ಲ? ಅಕ್ರೋಟದ ತಿರುಳಿನಂತೆ ಕಾಣುವ ಆ ಚಿತ್ರ ಸರಿಯಾಗಿ ಮೂಡಲು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಕೊಯ್ದು ನೋಡಿದ್ದು ಎತ್ತು, ಹಂದಿ, ಮಂಗಗಳನ್ನು. ಆಗ ರೋಮಿನಲ್ಲಿ ಮನುಷ್ಯರ ಹೆಣ ಕೊಯ್ಯುವ ಪದ್ಧತಿ ಇರಲಿಲ್ಲ. ಎತ್ತಿನ ಮಿದುಳಿನ ಬುಡದಲ್ಲಿ ರಕ್ತನಾಳಗಳ ಬಲೆಯೊಂದು ಕಂಡಿತು. ಮನುಷ್ಯನಿಗೂ ಅದು ಇದೆ ಎಂದು ಬರೆದಿಟ್ಟ. ನಮಗೆ ಅದು ಇಲ್ಲವೇ ಇಲ್ಲ! ಆದರೂ ಪುಸ್ತಕದಿಂದ ಪುಸ್ತಕಕ್ಕೆ ಆ ಬಲೆ ಸಾಗುತ್ತಲೇ ಬಂತು. ಕೈಬರಹದ ಲೆಡ್ಜರಿನ ಕಾಲದಲ್ಲಿ ಬ್ಯಾಂಕಿನಲ್ಲಿ ದುಡಿದವರಿಗೆ ಇದು ಹೊಸದಲ್ಲ. ಒಂದು ಪುಟದ ಮೊತ್ತ ತಪ್ಪಿದರೆ, ಮುಂದಿನ ಪುಟದ ತಲೆಯಲ್ಲಿ ಅದೇ ಕೂರುತ್ತದೆ.

ಇಟಲಿಯ ಪಡುವಾದಲ್ಲಿ ಪಾಠ ಹೇಳುತ್ತಿದ್ದ ವೆಸೇಲಿಯಸ್ ಕೂಡ 1538ರಲ್ಲಿ ಆ ಬಲೆಯನ್ನು ಚಿತ್ರಿಸಿ ಅಚ್ಚು ಹಾಕಿಸಿದ. ಮನುಷ್ಯನ ತಲೆ ಕೊಯ್ದು ತೋರಿಸುವಾಗ ಪಕ್ಕದಲ್ಲಿ ಕುರಿಯ ಅಥವಾ ಎತ್ತಿನ ತಲೆ ಇಟ್ಟುಕೊಳ್ಳುತ್ತಿದ್ದನಂತೆ, ಬಲೆ ತೋರಿಸಬೇಕಲ್ಲ! ಆದರೆ 1543ರ ತನ್ನ ದೊಡ್ಡ ಗ್ರಂಥದಲ್ಲಿ ಇದನ್ನೆಲ್ಲ ತಾನೇ ಹೇಳಿಕೊಂಡು, ಮನುಷ್ಯನಲ್ಲಿ ಬಲೆಯಿಲ್ಲ ಎಂದು ಬರೆದ. ಅಷ್ಟು ಹೆಸರು ಮಾಡಿದ ಮೇಲೆ ಹೀಗೆ ಒಪ್ಪಿಕೊಳ್ಳಲು ಎದೆಗಾರಿಕೆ ಬೇಕು. ಆ ಗ್ರಂಥದ ಮರದಚ್ಚಿನ ಚಿತ್ರಗಳಲ್ಲಿ ತಲೆಯನ್ನು ಮೇಲಿನಿಂದ ಪದರ ಪದರವಾಗಿ ತೆರೆದು ತೋರಿಸಲಾಗಿದೆ.

ಹಾಗಾದರೆ ಬುಡದಲ್ಲಿ ಇರುವುದೇನು? ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ ಮಿದುಳನ್ನು ಬುರುಡೆಯಿಂದ ಪೂರ್ತಿ ಹೊರತೆಗೆದು, ಬೋರಲು ಹಾಕಿ ನೋಡಿದ. 1664ರ ಅವನ ಪುಸ್ತಕಕ್ಕೆ ಹಲವು ಚಿತ್ರ ಬರೆದುಕೊಟ್ಟವನು ಕ್ರಿಸ್ಟೋಫರ್ ರೆನ್. ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಮುಂದೆ ಕಟ್ಟಿಸಿದ ಅದೇ ರೆನ್! ಬುಡದ ಚಿತ್ರದಲ್ಲಿ ಬಲೆಯಿಲ್ಲ, ರಕ್ತನಾಳಗಳು ಕೂಡಿಕೊಂಡ ಬಳೆಯೊಂದಿದೆ. ಅದನ್ನು ಮುಂಚೆ ಕಂಡವರಿದ್ದರು, ಆದರೆ ಅದರ ಕೆಲಸವನ್ನು ಬಿಡಿಸಿ ಹೇಳಿದವನು ವಿಲ್ಲಿಸ್. ಕತ್ತಿನ ಒಂದು ಬದಿಯ ನಾಳಕ್ಕೆ ಶಾಯಿ ಬೆರೆಸಿದ ನೀರು ಹಾಯಿಸಿದರೆ ಇನ್ನೊಂದು ಬದಿಗೂ ಅದು ಹರಿಯಿತು. ಬೇರೆ ಕಾಯಿಲೆಯಿಂದ ತೀರಿಕೊಂಡ ಒಬ್ಬನ ಕತ್ತಿನ ಒಂದು ನಾಳ ಪೂರ್ತಿ ಕಟ್ಟಿಹೋಗಿತ್ತು. ಬದುಕಿದ್ದಾಗ ಆತನ ಮಿದುಳಿಗೆ ಅದರಿಂದ ತೊಂದರೆಯೇ ಆಗಿರಲಿಲ್ಲ. ಒಂದು ದಾರಿ ಮುಚ್ಚಿದರೆ ಬಳೆಯ ಸುತ್ತು ಹಾದಿಯಲ್ಲಿ ರಕ್ತ ತಲುಪುತ್ತದೆ.

ಎಲ್ಲರಲ್ಲೂ ಈ ಬಳೆ ಪೂರ್ತಿಯಾಗಿರುವುದಿಲ್ಲ. ಲಕ್ವ ಹೊಡೆದ ಅಜ್ಜನಿಗೋ ಅಜ್ಜಿಗೋ ಮಿದುಳಿನ ರಕ್ತನಾಳಗಳ ಸ್ಕ್ಯಾನ್ ಮಾಡಿಸಿದಾಗ ವೈದ್ಯರು ಅದನ್ನೂ ನೋಡುತ್ತಾರೆ. ಅದಕ್ಕೆ ಈಗಲೂ ವಿಲ್ಲಿಸನದೇ ಹೆಸರು.